ಹೊಲದ ಬದುವಿನಲ್ಲಿ ಹೊಂಗೆ ಬೆಳೆಸುವುದು ಹೇಗೆ?

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲು ಹೊಲಗಳ ಬದುವಿಗೆ ಹೊಂಗೆಗಿಂತ ಒಳ್ಳೆಯ ಮರ ಸಿಗುವುದು ಕಷ್ಟ. ಬರ ತಡೆಯುತ್ತದೆ, ದನ ಕುರಿ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದ ನೆರಳಿಗಾದರೆ ಹಾಲವಾಣ, ಸಿಲ್ವರ್ ಓಕೇ ಸರಿ.

ಬೀಜಕ್ಕೆ ಚೆನ್ನಾಗಿ ಕಾಯಿ ಬಿಡುವ ಮರವನ್ನೇ ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಉದುರಿಸಿ, ಒಣಗಿಸಿ, ಕೊಡತಿಯಿಂದ ಮೆಲ್ಲಗೆ ಬಡಿಯಿರಿ. ಕಾಯಿ ತಾನಾಗಿ ಸಿಡಿಯುವುದಿಲ್ಲ. ಜೋರಾಗಿ ಬಡಿದರೆ ಬೀಜ ಸೀಳುತ್ತದೆ. ಹಳೆಯ ಬೀಜ ನೆಚ್ಚಬೇಡಿ, ಅದೇ ವರ್ಷದ್ದನ್ನು ಒಂದು ರಾತ್ರಿ ನೆನೆಸಿ, ತೇಲಿದ್ದನ್ನು ಬಿಸಾಡಿ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬೆರೆಸಿ 6x9 ಅಂಗುಲದ ಚೀಲಕ್ಕೆ ತುಂಬಿ, ಬೀಜವನ್ನು ಅಡ್ಡಲಾಗಿ ಮಲಗಿಸಿ ಮುಕ್ಕಾಲು ಅಂಗುಲ ಆಳಕ್ಕೆ ಊರಿ. ಸುಮಾರು ಎರಡು ವಾರಕ್ಕೆ ಮೊಳಕೆ ಕಾಣುತ್ತದೆ.

ಎರಡು ಅಡಿ ಎತ್ತರದ ಸಸಿಯನ್ನು ಆರಿದ್ರಾ, ಪುನರ್ವಸು ಮಳೆಗೆ ನೆಡಿ. ಗುಂಡಿ ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ. ಮೇಲ್ಮಣ್ಣಿಗೆ ಒಂದು ಮಂಕರಿ ಗೊಬ್ಬರ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ 15ರಿಂದ 20 ಅಡಿ. ಚೀಲ ಹರಿದಾಗ ತಳದಲ್ಲಿ ತಾಯಿಬೇರು ಸಿಂಬಿಯಂತೆ ಸುತ್ತಿಕೊಂಡಿದ್ದರೆ ಆ ಸುತ್ತನ್ನು ಹರಿತ ಚಾಕುವಿನಿಂದ ಕತ್ತರಿಸಿಯೇ ನೆಡಬೇಕು. ಇಲ್ಲದಿದ್ದರೆ ಬೇರು ಆಳಕ್ಕೆ ಇಳಿಯುವುದಿಲ್ಲ, ಮುಂದೆ ಜೋರು ಗಾಳಿಗೆ ಮರ ವಾಲುತ್ತದೆ.

ಹೊಂಗೆಯ ಮೇಲೆ ರೈತರ ದೊಡ್ಡ ದೂರು ಹೊಲದೊಳಗೆ ಏಳುವ ಮರಿಗಳದ್ದು. ಪಕ್ಕದ ಬೇರಿಗೆ ನೇಗಿಲ ಗಾಯವಾದಲ್ಲೆಲ್ಲ ಚಿಗುರು ಏಳುತ್ತದೆ. ಬುಡದಿಂದ ಆರು ಅಡಿ ಬಿಟ್ಟು ಉಳುಮೆ ಮಾಡಿ. ಬೆಳೆಯ ಕಡೆಗೆ ಎರಡು ಅಡಿ ಆಳದ ಕಾಲುವೆ ತೆಗೆದು, ಅದರಾಚೆ ಉಳಿದ ಬೇರಿನ ತುಂಡುಗಳನ್ನು ಕಿತ್ತು ಹಾಕಿ. ಬರೀ ಚಿಗುರು ಸವರಿದರೆ ಮತ್ತೆ ಏಳುತ್ತದೆ.

ಮೊದಲ ಮೂರು ವರ್ಷ ಪಕ್ಕದ ರೆಂಬೆ ತೆಗೆಯುತ್ತಾ ಆರು ಅಡಿಯವರೆಗೆ ಕಾಂಡ ಬಿಡಿಸಿಕೊಳ್ಳಿ. ಎಲೆಯ ಮೇಲೆ ಏಳುವ ಬೊಕ್ಕೆಗಳು ನುಸಿಯಿಂದ ಆಗುವಂಥವು. ಬೆಳೆದ ಮರಕ್ಕೆ ಔಷಧಿ ಹೊಡೆಯುವ ಅಗತ್ಯವಿಲ್ಲ.

ಸೊಪ್ಪು, ಬೀಜ ಎರಡನ್ನೂ ಒಂದೇ ಮರದಿಂದ ನಿರೀಕ್ಷಿಸಬೇಡಿ. ಬೇಸಿಗೆಯ ಹೊಸ ಚಿಗುರಿನಲ್ಲೇ ಹೂವು. ಗದ್ದೆಗೆ ಹಸಿರು ಗೊಬ್ಬರಕ್ಕೆಂದು ಜುಲೈಯಲ್ಲಿ ರೆಂಬೆ ಕಡಿದರೆ ಎಳೆಗಾಯಿಯೂ ಹೋಗುತ್ತದೆ. ಅದಕ್ಕೇ ಕೆಲವು ಮರ ಸೊಪ್ಪಿಗೆ, ಉಳಿದವು ಬೀಜಕ್ಕೆ ಎಂದು ಬೇರೆ ಮಾಡಿಡಿ. ನಾಟಿಗೆ ಹತ್ತು ಹದಿನೈದು ದಿನ ಮೊದಲೇ ಸೊಪ್ಪನ್ನು ಕೆಸರಿಗೆ ತುಳಿಯಬೇಕು. ತಡವಾದರೆ ಕೊಳೆಯುವ ಕಾವಿಗೆ ಎಳೆ ಪೈರು ಹಳದಿಯಾಗುತ್ತದೆ. ಬೀಜದ ಸಸಿ ಕಾಯಿಗೆ ಐದರಿಂದ ಏಳು ವರ್ಷ ಹಿಡಿಯುತ್ತದೆ, ಕಸಿ ಗಿಡ ಬೇಗ ಬಿಡುತ್ತದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ. ಸಸಿ ಕೊಳ್ಳುವ ಮುಂಚೆ ಅಲ್ಲಿ ವಿಚಾರಿಸಿ. ಬೀಜದಿಂದ ಎಣ್ಣೆ ತೆಗೆಸಿದ ಮೇಲೆ ಉಳಿಯುವ ಹಿಂಡಿಯನ್ನು ಗಾಣದವರಿಗೇ ಬಿಟ್ಟು ಬರಬೇಡಿ, ಅಡಿಕೆ ಬುಡಕ್ಕೆ ಅದು ಒಳ್ಳೆಯ ಗೊಬ್ಬರ. ದನಕ್ಕೆ ಮಾತ್ರ ಹಾಕಬೇಡಿ.