ಬಿಡದೆ ಕಟ್ಟುವ ಮೂಗು, ಭಾರವಾಗುವ ಹಣೆ: ಮಲೆನಾಡಿನ ಮನೆಗಳಲ್ಲಿ ಆರೈಕೆ ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕಟ್ಟಿದ ಮೂಗೂ ಅದರ ಜೊತೆಯಲ್ಲೇ ಇರುತ್ತದೆ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇದನ್ನು ‘ಸೈನಸ್’ ಎಂಬ ಒಂದೇ ಹೆಸರಿನಿಂದ ಕರೆದು, ಸಿಕ್ಕಿದ ಮಾತ್ರೆ ನುಂಗಿ, ಮುಂದಿನ ವರ್ಷವೂ ಹಾಗೆಯೇ ಕಳೆಯುವ ರೂಢಿ ನಮ್ಮಲ್ಲಿದೆ. ಮೂಗನ್ನು ಕಟ್ಟಿಸುತ್ತಿರುವುದು ಯಾವುದು ಎಂದು ತಿಳಿದುಕೊಂಡರೆ ಈ ತೊಂದರೆಯ ಬಹುಭಾಗವನ್ನು ಹತೋಟಿಗೆ ತರಬಹುದು.

ಮೂಗು ಕಟ್ಟಿದೆ ಎಂದರೆ ಸಿಂಬಳ ತುಂಬಿಕೊಂಡಿದೆ ಎಂದೇ ನಾವು ಭಾವಿಸುತ್ತೇವೆ. ಆದರೆ ಎಷ್ಟೋ ಬಾರಿ ರಭಸವಾಗಿ ಊದಿದರೂ ಏನೂ ಹೊರಬರುವುದಿಲ್ಲ, ಏಕೆಂದರೆ ಅಲ್ಲಿ ದಾರಿಯನ್ನು ಮುಚ್ಚಿರುವುದು ಊದಿಕೊಂಡ ಒಳಪೊರೆ. ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂದಿನ ಆಳದಲ್ಲಿ ಒಟ್ಟು ನಾಲ್ಕು ಜೊತೆ ಗಾಳಿಗೂಡುಗಳಿವೆ, ಇವೇ ಸೈನಸ್‌ಗಳು. ಕೆನ್ನೆಯ ಗೂಡಿನ ಕಿಂಡಿ ಅದರ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಒಳಗಿನ ದ್ರವವನ್ನು ಅತಿ ಸಣ್ಣ ರೋಮಗಳು ಮೇಲಕ್ಕೆ ತಳ್ಳಿ ಹೊರಹಾಕಬೇಕು. ಕಿಂಡಿಯ ಸುತ್ತ ಊತ ಬಂದರೆ ದ್ರವ ಅಲ್ಲೇ ನಿಂತು, ಬಗ್ಗಿದಾಗ ಹಣೆ ಮತ್ತು ಕೆನ್ನೆ ಭಾರವಾಗುತ್ತವೆ. ಆದ್ದರಿಂದ ಆರೈಕೆಯ ಗುರಿ ಊತವನ್ನು ಇಳಿಸುವುದು, ಅದನ್ನು ತರಿಸುವ ವಸ್ತುವನ್ನು ದೂರವಿಡುವುದು.

ಸಾಮಾನ್ಯ ನೆಗಡಿ ವೈರಾಣುವಿನಿಂದ ಬಂದು 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಸಿಂಬಳ ಹಳದಿಯಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. 10 ದಿನ ಕಳೆದರೂ ಇಳಿಮುಖವಾಗದಿದ್ದರೆ, ಅಥವಾ ಒಮ್ಮೆ ಕಡಿಮೆಯಾಗಿ ಮತ್ತೆ ಜ್ವರ ನೋವುಗಳೊಂದಿಗೆ ಉಲ್ಬಣಿಸಿದರೆ ಬ್ಯಾಕ್ಟೀರಿಯಾ ಸೋಂಕಿನ ಸಂಶಯ ಬರುತ್ತದೆ. 12 ವಾರ ಮೀರಿದರೆ ಅದು ದೀರ್ಘಕಾಲದ ಸಮಸ್ಯೆ, ಮತ್ತು ಅದರ ಹಿಂದೆ ಬೇರೆಯೇ ಕಾರಣಗಳಿರುತ್ತವೆ.

ನಮ್ಮ ಭಾಗದಲ್ಲಿ ಮೊದಲು ಶಂಕಿಸಬೇಕಾದದ್ದು ಅಲರ್ಜಿಯನ್ನು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರುಗಳಲ್ಲಿ ಗೋಡೆ, ಪೆಟ್ಟಿಗೆಯ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕಣ್ಣಿಗೆ ಕಾಣದ ಧೂಳುಹುಳುಗಳು ಇದೇ ತೇವದಲ್ಲಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಹೆಚ್ಚುತ್ತವೆ. ಬೆಳಗ್ಗೆ ಏಳುತ್ತಲೇ ಸಾಲು ಸೀನು, ಮೂಗು ಕಣ್ಣುಗಳಲ್ಲಿ ತುರಿಕೆ, ನೀರಿನಂಥ ಸೋರಿಕೆ ಇದ್ದರೆ ಇವುಗಳ ಕಡೆಗೆ ಗಮನ ಹೋಗಬೇಕು. ಮಳೆ ಮುಗಿದ ಮೇಲೆ ಅಡಿಕೆ ಸುಲಿಗೆಯ ಕಾಲ ಬರುತ್ತದೆ. ಹಂಡೆಯಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಒಣಗಿದ ಅಡಿಕೆಯ ಧೂಳು, ವರ್ಷವಿಡೀ ಉರಿಯುವ ಬಚ್ಚಲೊಲೆ ಇವೆಲ್ಲವೂ ಒಳಪೊರೆಯನ್ನು ಕೆರಳಿಸುತ್ತವೆ. ಯಾವ ತಿಂಗಳು, ಯಾವ ಕೋಣೆ, ಯಾವ ಕೆಲಸದ ನಂತರ ಮೂಗು ಕಟ್ಟುತ್ತದೆ ಎಂದು ಎರಡು ವಾರ ಬರೆದಿಟ್ಟುಕೊಂಡರೆ ವೈದ್ಯರಿಗೂ ದಾರಿ ಸುಲಭವಾಗುತ್ತದೆ.

ಮೂಗಿನ ನಡುಗೋಡೆಯ ಡೊಂಕು, ಒಳಗೆ ಬೆಳೆಯುವ ಮೆತ್ತನೆಯ ಪಾಲಿಪ್ ಗಡ್ಡೆಗಳು, ಗರ್ಭಾವಸ್ಥೆ, ಕೆಲವು ಔಷಧಗಳು ಕೂಡ ಕಾರಣವಾಗಬಲ್ಲವು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ದೊಡ್ಡವರಲ್ಲಿ ಮೇಲಿನ ದವಡೆಹಲ್ಲಿನ ಬೇರನ್ನೂ, ಚಿಕ್ಕ ಮಕ್ಕಳಲ್ಲಿ ಮೂಗಿಗೆ ತುರುಕಿಕೊಂಡ ಬೀಜವನ್ನೋ ಮಣಿಯನ್ನೋ ಪರೀಕ್ಷಿಸಿ ನೋಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ತಮಗೆ ಸೈನಸ್ ತಲೆನೋವು ಎಂದು ನಂಬಿದ್ದ ಸುಮಾರು 3,000 ಜನರನ್ನು ಪರೀಕ್ಷಿಸಿ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 88 ಮಂದಿಗೆ ಇದ್ದದ್ದು ಮೈಗ್ರೇನ್ ಬಗೆಯ ತಲೆನೋವು. ಮೈಗ್ರೇನ್‌ನಲ್ಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು. ನೋವಿನ ಜೊತೆ ವಾಕರಿಕೆಯಾಗಿ, ಬೆಳಕು ಸದ್ದುಗಳು ಸಹಿಸದಂತಾಗಿ, ಒಂದೆರಡು ದಿನಗಳಲ್ಲಿ ಪೂರ್ತಿ ಬಿಟ್ಟುಹೋಗುತ್ತಿದ್ದರೆ ಸೈನಸ್ಸಿಗೆಂದು ವರ್ಷಗಟ್ಟಲೆ ಔಷಧ ತೆಗೆದುಕೊಳ್ಳುವ ಬದಲು ಈ ಸಾಧ್ಯತೆಯನ್ನು ವೈದ್ಯರ ಮುಂದಿಡಬೇಕು.

ಮನೆಯಲ್ಲಿ ಮಾಡಬಹುದಾದ ಆರೈಕೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಉಪ್ಪುನೀರಿನಿಂದ ಮೂಗು ತೊಳೆಯುವುದಕ್ಕೆ. ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅಯೋಡಿನ್ ಬೆರೆಸದ ಶುದ್ಧ ಉಪ್ಪನ್ನು ಮಟ್ಟಸವಾಗಿ ಅರ್ಧ ಚಹಾ ಚಮಚ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕರಗಿಸಬೇಕು. ಔಷಧದ ಅಂಗಡಿಯಲ್ಲಿ ಸಿಗುವ, ಅಳತೆ ಮಾಡಿದ ಪೊಟ್ಟಣವೂ ಆಗುತ್ತದೆ. ತೊಟ್ಟಿಯ ಮೇಲೆ ಮುಂದಕ್ಕೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ, ನೇತಿ ಪಾತ್ರೆಯಿಂದ (ಮೂಗು ತೊಳೆಯಲೆಂದೇ ಇರುವ ಸಣ್ಣ ಮೂತಿಯ ಪಾತ್ರೆ) ಅಥವಾ ಹಿಚುಕುವ ಬಾಟಲಿಯಿಂದ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಟ್ಟರೆ ಅದು ಕೆಳಗಿನ ಹೊಳ್ಳೆಯಿಂದ ಹರಿದುಹೋಗುತ್ತದೆ. ಬಳಿಕ ಮೆಲ್ಲಗೆ ಊದಿ ತೆಗೆಯಬೇಕು; ಜೋರಾಗಿ ಊದಿದರೆ ಕಿವಿ ನೋಯುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ, ಬಾವಿಯ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ, ಹಾಗೆಯೇ ಮೂಗಿಗೆ ಬಿಡಬಾರದು. ಸಿಹಿನೀರಿನಲ್ಲಿರುವ ಒಂದು ಬಗೆಯ ಅಮೀಬಾ ಹೊಟ್ಟೆಗೆ ಹೋದರೆ ಹಾನಿ ಮಾಡದು, ಮೂಗಿನ ಮೂಲಕ ಹೋದರೆ ಮಿದುಳನ್ನು ತಲುಪಿ ಪ್ರಾಣ ತೆಗೆಯುತ್ತದೆ. ಇಂಥ ಸೋಂಕು ತೀರಾ ವಿರಳವಾದರೂ ನೆರೆಯ ಕೇರಳದಲ್ಲಿ ಸಾವುಗಳಾಗಿವೆ. ನೀರು ಕುದಿಬಂದ ಮೇಲೆ ಕನಿಷ್ಠ 1 ನಿಮಿಷ ಮರಳಿಸಿ, ಮುಚ್ಚಿಟ್ಟು ಆರಿಸಿ ಬಳಸಬೇಕು. ಪಾತ್ರೆಯನ್ನೂ ಪ್ರತಿ ಬಾರಿ ತೊಳೆದು ಒಣಗಿಸಬೇಕು.

ಅಲರ್ಜಿಯ ಮೂಗಿಗೂ ದೀರ್ಘಕಾಲದ ಸೈನಸ್ ಊತಕ್ಕೂ ವೈದ್ಯರು ಸಾಮಾನ್ಯವಾಗಿ ಬರೆಯುವುದು ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ಬಿಡುವವರು ಬಹಳ. ಆದರೆ ಇದರಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಇದು ಒಂದೇ ದಿನದಲ್ಲಿ ಮೂಗು ತೆರೆಯುವುದಿಲ್ಲ, ದಿನವೂ ಬಳಸಿದರೆ ಎರಡು ವಾರಗಳಲ್ಲಿ ಗುಣ ಕಾಣುತ್ತದೆ. ಮೂಗು ತೊಳೆದ ಸ್ವಲ್ಪ ಹೊತ್ತಿನ ನಂತರ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ದಿಕ್ಕಿಗಿರುವಂತೆ ಹಿಡಿದು ಒತ್ತಬೇಕು. ನಡುಗೋಡೆಯ ಕಡೆಗೆ ತಿರುಗಿಸಿದರೆ ರಕ್ತ ಒಸರಬಹುದು.

ತಕ್ಷಣ ಮೂಗು ತೆರೆಯುವ ಹನಿಗಳು ಬೇರೆಯೇ ಜಾತಿಯವು. ಝೈಲೋಮೆಟಾಝೋಲಿನ್, ಆಕ್ಸಿಮೆಟಾಝೋಲಿನ್ ಇರುವ ಇವು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಐದು ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ. ಆದರೆ 3ರಿಂದ 5 ದಿನ ಮೀರಿ ಬಳಸಿದರೆ ಔಷಧದ ಪ್ರಭಾವ ಇಳಿದೊಡನೆ ಊತ ಮೊದಲಿಗಿಂತ ಹೆಚ್ಚಾಗಿ, ಹನಿಯಿಲ್ಲದೆ ನಿದ್ದೆಯೇ ಬಾರದ ಸ್ಥಿತಿ ಬರುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಆ ಬಾಟಲಿಯನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗಿದವನು. ಬಿಡಿಸಿಕೊಂಡದ್ದು ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಸ್ಪ್ರೇ ಆರಂಭಿಸಿ, ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿದ ಮೇಲೆಯೇ. ರಕ್ತದೊತ್ತಡ ಇರುವವರು ಕೇಳದೆ ಇವನ್ನು ಮುಟ್ಟಬಾರದು.

ಹಬೆ ತೆಗೆದುಕೊಂಡರೆ ಸ್ವಲ್ಪ ಹೊತ್ತು ಹಿತವೆನಿಸುತ್ತದೆ, ಅಷ್ಟೇ. ಕುದಿನೀರಿನ ಪಾತ್ರೆಯ ಬಳಿ ಮಕ್ಕಳನ್ನು ಕೂರಿಸಬಾರದು. ಸೆಟಿರಿಝಿನ್‌ನಂಥ ಮಾತ್ರೆ ಸೀನು ತುರಿಕೆಗಳಿಗೆ ಒಳ್ಳೆಯದು, ಕಟ್ಟಿದ ಮೂಗಿಗೆ ಅದರ ಉಪಯೋಗ ಕಡಿಮೆ. ನಿದ್ದೆ ತರಿಸುವುದರಿಂದ ಅದನ್ನು ನುಂಗಿ ಘಾಟಿಯಲ್ಲಿ ಗಾಡಿ ಓಡಿಸಬಾರದು.

ಮನೆಯಲ್ಲಿ ಮಲಗುವ ಕೋಣೆಯಿಂದ ಆರಂಭಿಸುವುದು ಸರಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಬಚ್ಚಲ ಹಂಡೆ ಇರುವ ಮನೆಗಳಲ್ಲಿ ಇದು ಕಷ್ಟವಲ್ಲ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬಾರದು. ಬೂಷ್ಟನ್ನು ಒಣಬಟ್ಟೆಯಿಂದ ಕೊಡವಿದರೆ ಅದರ ಕಣಗಳು ಗಾಳಿಗೆ ಸೇರುತ್ತವೆ; ಬಾಯಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು. ಅಡಿಕೆ ಕೆಲಸಕ್ಕೂ ಮಾಸ್ಕ್ ಇರಲಿ.

ಇಷ್ಟೆಲ್ಲ ಮಾಡಿಯೂ 12 ವಾರ ದಾಟಿದರೆ, ವಾಸನೆ ಗ್ರಹಿಸುವ ಶಕ್ತಿ ಕುಂದಿದರೆ, ಒಂದೇ ಬದಿಯಲ್ಲಿ ಕಟ್ಟಿ ರಕ್ತ ಬರುತ್ತಿದ್ದರೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಬೇಕು; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಅವರು ಎಂಡೋಸ್ಕೋಪಿನಿಂದ ಒಳಗೆ ನೋಡಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಪಾಲಿಪ್ ಅಥವಾ ಮುಚ್ಚಿದ ಕಿಂಡಿಗಳಿಗೆ ಹೊಳ್ಳೆಯ ಮೂಲಕವೇ ಶಸ್ತ್ರಚಿಕಿತ್ಸೆ ಮಾಡಬಲ್ಲರು. ಶಸ್ತ್ರಚಿಕಿತ್ಸೆಯ ನಂತರವೂ ತೊಳೆಯುವುದು, ಸ್ಪ್ರೇ ಬಳಸುವುದು ಸಾಮಾನ್ಯವಾಗಿ ಮುಂದುವರಿಯಬೇಕಾಗುತ್ತದೆ.

ಕಣ್ಣಿನ ಸುತ್ತ ಊತ ಅಥವಾ ಕೆಂಪು, ಎರಡೆರಡಾಗಿ ಕಾಣುವುದು, ಕತ್ತು ಬಿಗಿದು ಸಹಿಸಲಾರದ ತಲೆನೋವು, ಮಂಪರು ಇವುಗಳಲ್ಲಿ ಯಾವುದು ಕಾಣಿಸಿದರೂ ಅದು ತುರ್ತು. ಮಧುಮೇಹಿಗಳಲ್ಲಿ ಮುಖ ಜೋಮು ಹಿಡಿದರೆ, ಮೂಗಿನಿಂದ ಕಪ್ಪು ಸ್ರಾವ ಬಂದರೆ, 2021ರಲ್ಲಿ ರಾಜ್ಯದಲ್ಲಿ ಅನೇಕರ ಕಣ್ಣು ಮತ್ತು ಪ್ರಾಣ ತೆಗೆದ ಕಪ್ಪು ಶಿಲೀಂಧ್ರವನ್ನು ನೆನಪಿಸಿಕೊಳ್ಳಬೇಕು. ಮಳೆಯಿದೆ, ರಸ್ತೆ ಕೆಟ್ಟಿದೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಬೇಕು.