ಮಳೆಮಾಪಕದ ತಂತಿಯಿಂದ ಬರುವ ಕಿಡಿಗೆ ಬೋರ್ಡ್ ಬಲಿಯಾಗದಂತೆ ಮಾಡುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್‌ಗಳ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಬರೆದಿಡುತ್ತಾರೆ. ಬಕೆಟ್ ಮಗುಚುವ ಮಳೆಮಾಪಕಗಳಲ್ಲಿ ಒಂದು ಮಗುಚಿಗೆ 0.254 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಸೆಂಟ್ ತೋರಿಸುವಂಥವು ಸಿಗುವುದರಿಂದ, ಅದಕ್ಕೊಂದು ಮೈಕ್ರೊಕಂಟ್ರೋಲರ್ ಬೋರ್ಡ್ ಜೋಡಿಸಿ ಮನೆಯೊಳಗೇ ಲೆಕ್ಕ ನೋಡಿಕೊಳ್ಳುವುದು ಕಷ್ಟವೇನಲ್ಲ. ಕಷ್ಟವಿರುವುದು ಆ ಬೋರ್ಡನ್ನು ಉಳಿಸಿಕೊಳ್ಳುವುದರಲ್ಲಿ.

ಇಷ್ಟು ತೇವದ ಊರಿನಲ್ಲಿ ಸ್ಥಾಯಿ ವಿದ್ಯುತ್ತಿನ ಕಾಟವೆಲ್ಲಿ ಎಂದು ಕೇಳುವವರುಂಟು. ಮಳೆಗಾಲದ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಗಾಳಿಯಲ್ಲಿ ತೇವವಿದ್ದಾಗ ವಸ್ತುಗಳ ಮೇಲ್ಮೈಯಿಂದ ವಿದ್ಯುದಾವೇಶ ತಾನಾಗಿ ಸೋರಿಹೋಗುತ್ತದೆ. ಆದರೆ ಕಾಫಿ ಗಿಡ ಹೂಬಿಡಿಸುವ ಹೂಮಳೆಗೆ ಮುಂಚೆ ಮಾಪಕವನ್ನು ಇಳಿಸಿ, ಕಸ ತೆಗೆದು, ತಂತಿಯನ್ನು ಮರುಜೋಡಿಸುವ ಫೆಬ್ರವರಿಯ ದಿನಗಳು ಒಣಗಾಳಿಯವು. ಸಿಂಥೆಟಿಕ್ ಜಾಕೆಟ್ ಕಳಚಿ ಅದೇ ಕೈಯಲ್ಲಿ ತಂತಿಯ ತುದಿಯನ್ನು ಮುಟ್ಟಿದರೆ ಸಾವಿರಾರು ವೋಲ್ಟ್ ನೇರವಾಗಿ ಚಿಪ್ಪಿನ ಪಿನ್ನಿಗೆ ನುಗ್ಗಬಹುದು. ಸುಮಾರು 3,000 ವೋಲ್ಟ್‌ಗಿಂತ ಕಡಿಮೆಯ ಕಿಡಿ ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ. ಚಿಪ್ ಕೆಡಲು ಅದಕ್ಕಿಂತ ಬಹಳ ಕಡಿಮೆಯೂ ಸಾಕಾಗುತ್ತದೆ.

ಮನುಷ್ಯನ ಕೈಯಿಂದ ಹೊಮ್ಮುವ ಇಂಥ ಕಿಡಿಯನ್ನು ಅನುಕರಿಸುವ ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ 150 ಪಿಕೋಫ್ಯಾರಡ್‌ನ ಕೆಪಾಸಿಟರನ್ನು 330 ಓಮ್ ರೆಸಿಸ್ಟರ್ ಮೂಲಕ ಖಾಲಿ ಮಾಡುತ್ತಾರೆ. 8,000 ವೋಲ್ಟ್‌ನಲ್ಲಿ ಆ ಪ್ರವಾಹ ಒಂದು ನ್ಯಾನೊಸೆಕೆಂಡಿನೊಳಗೆ 30 ಆಂಪಿಯರ್‌ಗೆ ಏರುತ್ತದೆ. ಇದನ್ನು ತಡೆದು ನಿಲ್ಲಿಸುವ ಯೋಚನೆ ಬೇಡ. ಪಿನ್ ತಲುಪುವ ಮೊದಲೇ ಗ್ರೌಂಡಿಗೆ ಹತ್ತಿರದ ದಾರಿಯೊಂದನ್ನು ಮಾಡಿಕೊಡಬೇಕು.

ಮೊದಲಿಗೆ, ತಂತಿ ಬೋರ್ಡಿಗೆ ಸೇರುವ ಕನೆಕ್ಟರ್‌ನಲ್ಲೇ 5 ವೋಲ್ಟ್‌ನ ಏಕಮುಖ ಟಿವಿಎಸ್ ಡಯೋಡನ್ನು (ವೋಲ್ಟೇಜ್ ಮಿತಿಮೀರಿದೊಡನೆ ಪ್ರವಾಹವನ್ನು ಗ್ರೌಂಡಿಗೆ ಹರಿಯಬಿಡುವ ಡಯೋಡ್) ಬೆಸೆಯಿರಿ. ಪಟ್ಟಿಯಿರುವ ತುದಿ ಸಿಗ್ನಲ್ ತಂತಿಗೆ, ಇನ್ನೊಂದು ತುದಿ ಕನೆಕ್ಟರ್‌ನ ಗ್ರೌಂಡ್ ಕಾಲಿಗೆ. ಎಸ್‌ಎಂಎಜೆ5.0ಎ ಮಾದರಿಯದು ಈ ಕೆಲಸಕ್ಕೆ ಸಾಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಡಯೋಡ್ ಒಳ್ಳೆಯದನ್ನೇ ತಂದು, ಜಾಗವಿದೆಯೆಂದು ಚಿಪ್ಪಿನ ಪಕ್ಕದಲ್ಲಿ, ಉದ್ದನೆಯ ಕಾಲುಗಳ ಸಮೇತ ಕೂರಿಸುತ್ತಾರೆ. ಒಂದು ಮಿಲಿಮೀಟರ್ ತಂತಿಗೆ ಸರಿಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್ ಎಂದಿಟ್ಟುಕೊಂಡರೂ, ಒಂದು ಸೆಂಟಿಮೀಟರ್ ಕಾಲಿನಲ್ಲಿ ನ್ಯಾನೊಸೆಕೆಂಡಿಗೆ 30 ಆಂಪಿಯರ್ ಏರುವ ಪ್ರವಾಹ 300 ವೋಲ್ಟ್ ಹುಟ್ಟಿಸುತ್ತದೆ. ಡಯೋಡ್ ತನ್ನ ಕೆಲಸ ಮಾಡಿದರೂ ಆ 300 ವೋಲ್ಟ್ ಪಿನ್ನಿನ ಕಡೆಗೇ ಉಳಿಯುತ್ತದೆ. ಆದ್ದರಿಂದ ಕಾಲುಗಳು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ.

ಅದರ ನಂತರ, ಪಿನ್ನಿನ ಕಡೆಗೆ ಹೋಗುವ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಟಿವಿಎಸ್ ಡಯೋಡ್ 9 ವೋಲ್ಟ್‌ನ ಆಸುಪಾಸಿನಲ್ಲಿ ವೋಲ್ಟೇಜನ್ನು ಕಟ್ಟಿಹಾಕಿದರೂ 3.3 ವೋಲ್ಟ್ ಚಿಪ್ಪಿಗೆ ಅದೂ ಜಾಸ್ತಿಯೇ. ಆದರೆ ಈ ರೆಸಿಸ್ಟರ್ ಇದ್ದರೆ ಚಿಪ್ಪಿನೊಳಗಿನ ರಕ್ಷಕ ಡಯೋಡಿನಲ್ಲಿ ಹರಿಯುವುದು 5 ಮಿಲಿಆಂಪಿಯರ್‌ನಷ್ಟು ಮಾತ್ರ. ಗಾತ್ರದಲ್ಲಿ ತೀರ ಚಿಕ್ಕ ರೆಸಿಸ್ಟರ್ ಬೇಡ, ಅದರ ಎರಡು ತುದಿಗಳ ನಡುವೆಯೇ ಕಿಡಿ ಹಾರಬಹುದು. ಸಾಧಾರಣ ಕಾಲು ವ್ಯಾಟ್‌ನದು ಸರಿಹೋಗುತ್ತದೆ.

ರೆಸಿಸ್ಟರ್ ದಾಟಿದ ಮೇಲೆ ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಪಿನ್ನಿನಿಂದ 3.3 ವೋಲ್ಟ್‌ಗೆ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ (ಸ್ವಿಚ್ ತೆರೆದಿರುವಾಗ ಪಿನ್ನನ್ನು 3.3 ವೋಲ್ಟ್‌ನಲ್ಲಿ ಹಿಡಿದಿಡುವಂಥದು) ಸೇರಿಸಿ. ಬಕೆಟ್ ಮಗುಚಿದಾಗ ಅಯಸ್ಕಾಂತದ ಸೆಳೆತಕ್ಕೆ ಎರಡು ತಂತಿಗಳನ್ನು ಕ್ಷಣಕಾಲ ಕೂಡಿಸುವ ಮಾಪಕದ ರೀಡ್ ಸ್ವಿಚ್ ನಿಧಾನದ್ದಾದ್ದರಿಂದ ಈ ಕೆಪಾಸಿಟರ್‌ನಿಂದ ಎಣಿಕೆ ತಪ್ಪುವುದಿಲ್ಲ. ಯುಎಸ್‌ಬಿಯಂಥ ವೇಗದ ತಂತಿಗಳಿಗೆ ಮಾತ್ರ ಇದೇ ಜೋಡಣೆಯನ್ನು ಬಳಸಬಾರದು. ಅಲ್ಲಿಗೆ ಕೆಪಾಸಿಟನ್ಸ್ ತೀರ ಕಡಿಮೆಯಿರುವ ಬೇರೆಯೇ ಡಯೋಡ್‌ಗಳಿವೆ.

ಇದಾವುದೂ ಸಿಡಿಲಿಗೆ ಮದ್ದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗಳಲ್ಲಿ ಉದ್ದ ತಂತಿ ಹಿಡಿದು ಬರುವ ಶಕ್ತಿ ಬೆರಳಿನ ಕಿಡಿಗಿಂತ ಎಷ್ಟೋ ಪಟ್ಟು ಹೆಚ್ಚಿನದು ಮತ್ತು ದೀರ್ಘಕಾಲದ್ದು. ಮೋಡ ಕಟ್ಟುವುದು ಕಂಡೊಡನೆ, ಗುಡುಗು ಶುರುವಾಗುವ ಮೊದಲೇ, ಕನೆಕ್ಟರನ್ನು ಕಿತ್ತಿಡುವುದೇ ಮೇಲು. ಆ ಹೊತ್ತಿನ ಮಳೆಯನ್ನು ಹಳೆಯ ಗಾಜಿನ ಅಳತೆ ಪಾತ್ರೆ ಲೆಕ್ಕವಿಡುತ್ತದೆ.

ಬೆಸುಗೆ ಮುಗಿದ ಮೇಲೆ ಬೋರ್ಡಿಗೆ ವಿದ್ಯುತ್ ಕೊಟ್ಟು, ಬಕೆಟ್ ಮಗುಚುವ ಬದಲು ಕನೆಕ್ಟರ್‌ನ ಎರಡು ಕಾಲುಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಹಿಡಿದು, ಪಿನ್ನಿನ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 0.3 ವೋಲ್ಟ್ ತೋರಿಸಿದರೆ ಜೋಡಣೆ ಸರಿಯಿದೆ. 3 ವೋಲ್ಟ್ ತೋರಿಸಿದರೆ 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳು ಅದಲುಬದಲಾಗಿವೆ.