ತಾಲ್ಲೂಕಿನ ಸರಾಸರಿ ಬಿಟ್ಟು ಊರೂರಿನ ಲೆಕ್ಕಕ್ಕೆ ಇಳಿದಾಗ

ಪ್ರಾದೇಶಿಕ ಅಸಮತೋಲನ ನೋಡಲು ಕರ್ನಾಟಕ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕ ಇಟ್ಟುಕೊಂಡು ತಾಲ್ಲೂಕುಗಳನ್ನು ಅಳೆದಿತ್ತು. 114 ತಾಲ್ಲೂಕು ಹಿಂದುಳಿದವು ಅಂತಾಯ್ತು. ರಾಯಚೂರು ಜಿಲ್ಲೆಯ ನಮ್ಮ ದೇವದುರ್ಗ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿತ್ತು. ನನಗೆ ಬೇಕಾಗಿದ್ದು ಅದಕ್ಕಿಂತ ಸಣ್ಣ ಲೆಕ್ಕ, ಜಿಲ್ಲೆಯ ಒಂದೊಂದು ಊರಿನಲ್ಲೂ ಕೊರತೆ ಎಷ್ಟು ಅಂತ. ಒಂದೇ ತಾಲ್ಲೂಕಿನಲ್ಲಿ ಕಾಲುವೆಯ ನೀರು ಉಣ್ಣುವ ಊರೂ ಇದೆ, ಮಳೆ ನಂಬಿ ಕೂತ ಊರೂ ಇದೆ.

2011ರ ಜನಗಣತಿಯ ಹಳ್ಳಿವಾರು ಪಟ್ಟಿ ಹಿಡಿದೆ. ಮಾದರಿಗೆ, ಪ್ರದೇಶವಾರು ಬಡತನ ಅಳೆಯುವ ಬ್ರಿಟನ್ನಿನ ಟೌನ್‌ಸೆಂಡ್ ಸೂಚ್ಯಂಕ. ಅದು ನೋಡುವುದು ನಾಲ್ಕೇ: ನಿರುದ್ಯೋಗಿಗಳು, ಕಾರಿಲ್ಲದ ಮನೆ, ಸ್ವಂತದ್ದಲ್ಲದ ಮನೆ, ಕಿಕ್ಕಿರಿದ ಮನೆ. ಇದನ್ನು ಮಾನ್ವಿ ಕಡೆಗೆ ಹಾಗೇ ತಂದರೆ ನಗೆಪಾಟಲು. ನಮ್ಮಲ್ಲಿ ಕೂಲಿಯವರಿಗೂ ಸ್ವಂತ ಮನೆ ಇರುತ್ತದೆ, ತಗಡಿನದಾದರೂ ಸರಿ. ಬಾಡಿಗೆಗೆ ಇರುವವರು ಮೇಷ್ಟ್ರು, ಬ್ಯಾಂಕಿನವರು! ಇನ್ನು ಕೆಲಸವಿಲ್ಲದೆ ಕೂರುವಷ್ಟು ಅನುಕೂಲ ಬಡವರಿಗೆ ಎಲ್ಲಿ? ಹಾಗಾಗಿ ನಾನು ತೆಗೆದುಕೊಂಡದ್ದು ಕೃಷಿ ಕೂಲಿಕಾರರು, ವರ್ಷಕ್ಕೆ ಆರು ತಿಂಗಳೂ ಕೆಲಸ ಸಿಗದವರು, ಓದು ಬಾರದ ಹೆಂಗಸರು, ಶೌಚಾಲಯವಿಲ್ಲದ ಮನೆ, ಒಂದೇ ಕೋಣೆಯ ಮನೆ.

ಲೆಕ್ಕ ಕಷ್ಟವಲ್ಲ. ಊರಿನ ಶೇಕಡಾದಿಂದ ಜಿಲ್ಲೆಯ ಊರುಗಳ ಸರಾಸರಿ ಕಳೆದು, ಮಾನಕ ವಿಚಲನೆಯಿಂದ (ಊರುಗಳ ಅಂಕಿ ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಭಾಗಿಸಿ, ಎಲ್ಲ ಸೂಚಕಗಳದ್ದನ್ನೂ ಕೂಡಿಸುವುದು. ಮೊತ್ತ ಜಾಸ್ತಿಯಾದಷ್ಟೂ ಕೊರತೆ ಜಾಸ್ತಿ. ಸೊನ್ನೆ ಬಂದರೆ ಜಿಲ್ಲೆಯ ನಡುಮಟ್ಟ ಅಂತ, ಬಡತನ ಇಲ್ಲ ಅಂತಲ್ಲ. ಇದನ್ನು ಪಂಚಾಯಿತಿ ಸದಸ್ಯರಿಗೆ ತಿಳಿಸುವಷ್ಟರಲ್ಲಿ ಸಾಕಾಗುತ್ತದೆ. ತೀರಾ ಸಣ್ಣ ಊರಲ್ಲಿ ನಾಲ್ಕು ಮನೆ ಆಚೀಚೆಯಾದರೂ ಶೇಕಡಾ ಜಿಗಿಯುತ್ತದೆ. ಅಂಥವನ್ನು ಪಕ್ಕದ ಊರಿಗೆ ಸೇರಿಸಿದೆ.

ತಲೆ ತಿಂದದ್ದು ಬೇರೆ. ಸಿಂಧನೂರು ಕಡೆ ಕ್ಯಾಂಪು ಅಂದರೆ ಕಾಲುವೆ ನೀರಿಗೆ ಹೊರಗಿನಿಂದ ಬಂದ ರೈತರು ನೆಲೆಸಿದ ಜಾಗ. ಕೆಲವು ಕ್ಯಾಂಪುಗಳ ಅಂಕಿ ಪಕ್ಕದ ಊರಿನ ಹೆಸರಲ್ಲೇ ಸೇರಿರುತ್ತದೆ. ಕ್ಯಾಂಪಿನಲ್ಲಿ ಭತ್ತ, ಟ್ರ್ಯಾಕ್ಟರು. ಅಲ್ಲಿಗೇ ನಾಟಿಗೆ ಹೋಗುವ ಹೆಂಗಸರು ಇರುವುದು ಊರಿನ ಕಾಲೋನಿಯಲ್ಲಿ. ಇಬ್ಬರ ಸರಾಸರಿ ಯಾರ ಮನೆಯದ್ದೂ ಅಲ್ಲ, ಅಲ್ವಾ?

ಆಮೇಲೆ ಗುಳೆ. ಜನಗಣತಿ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ. ಮಳೆ ನಂಬಿದ ಊರುಗಳಿಂದ ಬೆಂಗಳೂರಿಗೆ ದುಡಿಯಲು ಹೋದವರು ಆಗ ಇನ್ನೂ ಅಲ್ಲೇ ಇರುತ್ತಾರೆ. ಬಡವರೇ ಎಣಿಕೆಯಿಂದ ಜಾರಿದರೆ ಊರಿನ ಅಂಕಿ ಸುಮ್ನೆ ಚೆಂದ ಕಾಣುತ್ತದೆ. ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿ, ಬೇಸಿಗೆಗೆ ಬೀಗ ಬೀಳುವ ಮನೆಗಳೆಷ್ಟು ಅಂತ ಬೇರೆ ಕಾಲಂನಲ್ಲಿ ಬರೆದುಕೊಂಡೆ. ಸೂಚ್ಯಂಕಕ್ಕೆ ಕೂಡಿಸಲಿಲ್ಲ. ಅಂದಾಜನ್ನು ಗಣತಿಯ ಅಂಕಿಗೆ ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಸೂಚ್ಯಂಕದ ಪ್ರಕಾರ ಊರುಗಳಿಗೆ ಬಣ್ಣ ಹಾಕಿದ ನಕ್ಷೆಯಲ್ಲಿ ಮಾತ್ರ ಅಂಥ ಊರುಗಳ ಮೇಲೆ ಅಡ್ಡಗೆರೆ ಎಳೆದಿದ್ದೇನೆ, ಬಣ್ಣವೊಂದನ್ನೇ ನೋಡಿ ಯಾರೂ ತೀರ್ಮಾನಕ್ಕೆ ಬರದಿರಲಿ ಅಂತ.